ಮೂಗಿನ ಭಾರ

ಓಲೊಮೋತ್ಸ್, ಅಕ್ಟೋಬರ್ 9

ಪ್ರಿಯ ಲಿಬುಶೆಯವರೇ,

ಒತಕರ್‌ನ ಅಂತ್ಯಕ್ರಿಯೆಯ ಮರುವಾರ ನೀವು ತಂದುಕೊಟ್ಟ, ಅವನು ಅರ್ಧ ಜೋಡಿಸಿಟ್ಟು ಹೋದ ಪ್ಲಾಸ್ಟಿಕ್ ಮಾದರಿ ವಿಮಾನಕ್ಕೆ ರೆಕ್ಕೆ, ಚಕ್ರ ಕೂರಿಸಿದ್ದೇನೆ. ಆದರೆ ಮೇಜಿನ ಮೇಲಿಟ್ಟರೆ ಮುಂದಿನ ಚಕ್ರ ಮೇಲೆದ್ದು, ಬಾಲ ಕೆಳಗೆ ತಾಗುತ್ತದೆ. ಒಡಲಿನ ಎರಡು ಹೋಳುಗಳನ್ನು ಅಂಟಿಸುವ ಮೊದಲು ಭಾರಕ್ಕೆಂದು ಮೂಗಿನೊಳಗೆ ಸೀಸದ ಗುಂಡು ತುಂಬಬೇಕಿತ್ತು. ಅವನು ಮರೆತಿದ್ದಾನೆ. ನಮ್ಮ ಮಾದರಿ ತಯಾರಕರ ಸಂಘದಲ್ಲಿ ಯಾರ ವಿಮಾನ ಹೀಗಾದರೂ, "ಏನಯ್ಯಾ, ನಿನ್ ವಿಮಾನ ಬೀರು ಜಾಸ್ತಿಯಾಗಿ ಕೂತ್ಬಿಟ್ಟಿದೆಯಲ್ಲೋ" ಎಂದು ನಗುತ್ತಿದ್ದವನು ಅವನೇ. ಇದನ್ನು ಅಂಟಿಸುವಾಗಲೇ ಅವನಿಗೆ ಕಾಯಿಲೆಯ ನೋವು ಎಷ್ಟಿತ್ತೋ, ನನಗೆ ಹೇಳಲಿಲ್ಲ. ಮನೆಯಲ್ಲಿ ನಿಮಗಾದರೂ ಹೇಳಿದ್ದನೋ ಏನೋ.

ಈಗ ಸೀಸ ತುಂಬಲು ಅಂಟಿದ ಸಂದನ್ನು ಗರಗಸದಿಂದ ಬಿಡಿಸಬೇಕು. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸುವಂಥದ್ದು. ಒತ್ತಿ ಹಿಡಿದಿದ್ದ ಅವನ ಹೆಬ್ಬೆರಳಿನ ಗುರುತು ಮೂಗಿನ ಹತ್ತಿರ ಗೆರೆಗೆರೆಯಾಗಿ ಉಳಿದಿದೆ. ಸಂದು ಬಿಡಿಸಿದರೆ ಅದು ಹೋಗುತ್ತದೆ. ನೀವು ಬೇಡವೆಂದರೆ ಬಾಲದ ಕೆಳಗೆ ಒಂದು ಕಡ್ಡಿ ಆನಿಸುತ್ತೇನೆ. ಸಂಘದ ಪ್ರದರ್ಶನದಲ್ಲಿ ತೀರ್ಪುಗಾರರು ಅಂಕ ಕಳೆಯುತ್ತಾರೆ, ಅಷ್ಟೇ. ಶನಿವಾರದೊಳಗೆ ತಿಳಿಸಿ.

ನಿನ್ನೆ ಆ ಗುರುತಿನ ಮೇಲೆ ನನ್ನ ಬೆರಳಿಟ್ಟು ನೋಡಿದೆ. ವಿಮಾನ ಮೂರೂ ಚಕ್ರಗಳ ಮೇಲೆ ನೆಟ್ಟಗೆ ನಿಂತಿತು.

ನಿಮ್ಮ ವಿಶ್ವಾಸಿ,
ಬೊಹುಮಿಲ್