ಗುಂಡಿ ಡಬ್ಬಿಯಲ್ಲಿಟ್ಟ ಗಾಜು

ಹೊಲಿಗೆ ಅಂಗಡಿ,
ಗುರುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೇ? ಆಫೀಸಿನಲ್ಲಿ ಇಡೀ ದಿನ ಕುರ್ಚಿಯಲ್ಲೇ ಕೂತಿರುತ್ತೀಯಂತೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕು. ನಲವತ್ತು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವನ ಮಾತು ಇದು, ತಳ್ಳಿಹಾಕಬೇಡ. ನಾವಿಬ್ಬರೂ ಆರಾಮ. ನಿಮ್ಮಮ್ಮನ ಮಂಡಿನೋವು ಮೊದಲಿನಷ್ಟೇ ಇದೆ, ಬಾಯಿಯೂ ಮೊದಲಿನಷ್ಟೇ ಇದೆ.

ಒಂದು ಸುದ್ದಿ ಹೇಳುತ್ತೇನೆ, ನಗಬಾರದು. ನೀನು ಬೀಗ ಹಾಕಿ ಹೋದ ಹಿಂದಿನ ಕೋಣೆಯನ್ನು ತೆಗೆದು, ನಿನ್ನ ಗಾಜಿನ ಕುಲುಮೆಯನ್ನು ಮತ್ತೆ ಹಚ್ಚಿದ್ದೇನೆ. ಆಸ್ಪತ್ರೆಯ ಮಕ್ಕಳ ವಾರ್ಡಿಗೆಂದು ನಾಲ್ಕು ತಿಂಗಳು ಕೂತು ಮಾಡಿದ, ಹಕ್ಕಿಗಳ ಚಿತ್ರವಿದ್ದ ಕಿಟಕಿಯ ಗಾಜು ಕುಲುಮೆಯೊಳಗೇ ಸೀಳಿಹೋದಾಗ, ಚೂರುಗಳನ್ನೆಲ್ಲ ಕಸಕ್ಕೆ ಹಾಕು ಎಂದಿದ್ದೆಯಲ್ಲ, ನನ್ನ ಕೈಲಾಗಲಿಲ್ಲ. ಬಟ್ಟೆಯ ತುಂಡನ್ನೇ ಎಸೆಯದವನು ನಾನು. ಬಣ್ಣದ ಪ್ರಕಾರ ವಿಂಗಡಿಸಿ ಅಂಗಿಗುಂಡಿಯ ಡಬ್ಬಿಗಳಲ್ಲಿ ಇಟ್ಟಿದ್ದೆ. ನಿನ್ನ ನೋಟ್‌ಬುಕ್ ಮುಂದಿಟ್ಟುಕೊಂಡು ಕೆಲಸ ಕಲಿತೆ. ಮೊದಲ ಸೋಪಿನ ತಟ್ಟೆ ಕುಲುಮೆಯ ತಳಕ್ಕೇ ಅಂಟಿಕೊಂಡಿತು. ಕೆಳಗೆ ಬಿಳಿ ಪುಡಿಯ ಲೇಪ ಬಳಿಯುವುದನ್ನು ಮರೆತಿದ್ದೆ. ಎರಡನೆಯದನ್ನು ನೋಡಿ ನಿಮ್ಮಮ್ಮ, ‘ಇದೇನ್ರೀ, ಯಾರಾದ್ರೂ ತುಳಿದ್ರಾ?’ ಎಂದಳು.

ಮೂರನೆಯದು ಬಂತು ನೋಡು. ಚೂರುಗಳಿಂದ ಕತ್ತರಿಸಿದ ಬೆರಳಗಲದ ಪಟ್ಟಿಗಳನ್ನು ಕೆಳಗೆ ಉದ್ದಕ್ಕೆ, ಮೇಲೆ ಅಡ್ಡಕ್ಕೆ ಜೋಡಿಸಿ ನಡುವೆ ಸಂದು ಬಿಟ್ಟೆ. ಶಾಖಕ್ಕೆ ಪಟ್ಟಿಗಳು ಒಂದಕ್ಕೊಂದು ಬೆಸೆದುಕೊಂಡವು, ಸಂದು ಹಾಗೇ ಉಳಿಯಿತು. ಸೋಪಿಟ್ಟರೆ ನೀರು ಕೆಳಗೆ ಇಳಿದುಹೋಗುತ್ತದೆ. ನಮ್ಮನೆಯ ಸೋಪು ಈಗ ಲೊಳಲೊಳ ಎನ್ನುವುದಿಲ್ಲ. ಆಮೇಲೆ ಒಲೆಯ ಪಕ್ಕಕ್ಕೆ ಸೌಟು ಇಡುವ ತಟ್ಟೆ ಮಾಡಿದೆ. ಅಂಗೈಯಗಲದ್ದೊಂದನ್ನು ಎದುರುಮನೆಯ ನರ್ಸ್ ಕೇಳಿ ಒಯ್ದರು. ‘ಡಬ್ಬೀಲಿ ಕೊಟ್ರೆ ನಮ್ಮತ್ತೆ ಮಾತ್ರೆ ಮುಟ್ತಿರ್ಲಿಲ್ಲ, ಇದ್ರಲ್ಲಿಟ್ರೆ ತಾವಾಗೇ ತಗೋತಾರೆ’ ಎಂದು ಮೊನ್ನೆ ಹೇಳಿದರು. ಮನಸ್ಸಿಗೆ ಹಿತವಾಯಿತು. ಹೀಗೆ ಇಲ್ಲಿಯವರೆಗೆ ಹನ್ನೊಂದು ನೆಟ್ಟಗೆ ಬಂದಿವೆ. ಒಂದೂ ಬಿರುಕು ಬಿಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಜೊತೆಯಲ್ಲಿರುವ ಟೀಚರಮ್ಮನಿಗೆ ನಾವು ಕೇಳಿದೆವೆಂದು ಹೇಳು. ನಿನ್ನ ಕಣ್ಣು, ನಿನ್ನ ಬೆರಳು ಸದಾ ಚೆನ್ನಾಗಿರಲಿ.

ನಿನ್ನ
ಅಪ್ಪ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಈ ಹನ್ನೊಂದನ್ನೂ ನಿನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುವ, ಬಿಸಿ ಗಾಜನ್ನು ಎಷ್ಟು ಹೊತ್ತು ತಣಿಯಲು ಬಿಡಬೇಕೆಂಬ ಲೆಕ್ಕದಂತೆಯೇ ತಣಿಸಿದ್ದು. ‘ನನ್ನದೇ ತಪ್ಪು’ ಎಂದು ನೀನು ಅಡ್ಡಗೆರೆ ಎಳೆದ ಪುಟ. ನಿನ್ನ ಲೆಕ್ಕ ತಪ್ಪಿರಲಿಲ್ಲ ಪುಟ್ಟೀ. ‘ಸಂಜೆವರೆಗೂ ಮುಚ್ಚಳ ಮುಟ್ಬೇಡಪ್ಪಾ’ ಎಂದು ಹೇಳಿ ನೀನು ಸ್ನಾನಕ್ಕೆ ಹೋದಾಗ, ಆಸೆ ತಡೆಯಲಾರದೆ ಎತ್ತಿದವನು ನಾನು. ತಣ್ಣನೆ ಗಾಳಿ ತಗುಲಿ ಬಿಸಿ ಗಾಜು ಟಿಣ್ ಎಂದು ಸೀಳಿತು. ಮುಚ್ಚಿಬಿಟ್ಟೆ. ನೀನು ನಿನ್ನನ್ನೇ ಹಳಿದುಕೊಂಡು ಈ ಕೆಲಸ ಬಿಟ್ಟು ಹೊರಟಾಗಲೂ ಬಾಯಿ ಬಿಡಲಿಲ್ಲ, ಹೇಡಿ ನಾನು. ಈಗ ತಾನೇ ನಿಮ್ಮಮ್ಮನಿಗೆ ಹೇಳಿದೆ. ‘ಮೊದ್ಲು ಅವ್ಳಿಗೆ ಬರೀರಿ’ ಎಂದಷ್ಟೇ ಹೇಳಿ ಎದ್ದುಹೋದಳು. ಬೈದಾದರೂ ಒಂದು ಸಾಲು ಬರಿ. ಇನ್ನೊಂದು ಮಾತು ನಿನಗೆ ತಿಳಿಯಲೇಬೇಕು: ನಾನು ಮುಚ್ಚಳ ಎತ್ತಿದ ಆ ಗಳಿಗೆಯಲ್ಲಿ ಗಾಜು ಇಡಿಯಾಗಿತ್ತು, ನಿನ್ನ ಹಕ್ಕಿಗಳೆಲ್ಲ ಇದ್ದವು. ನೋಡಿದವನು ನಾನೊಬ್ಬನೇ. ತುಂಬ ಚೆನ್ನಾಗಿತ್ತಮ್ಮ.