ಆಲೂಗಡ್ಡೆ ಚೀಲ ಹೊತ್ತವರು

ವಾಲ್ಪರೈಸೊ, ಶನಿವಾರ

ಅಜ್ಜೀ,

ಹಿಂದಿನ ಕಾರ್ಡಿನಲ್ಲಿ ಬರೆದ ವಿಳಾಸ ಹೊಡೆದುಹಾಕು. ವಿಶ್ವವಿದ್ಯಾಲಯದ ಎಡಗಡೆಯ ಗುಡ್ಡದಲ್ಲಿ ಸಮುದ್ರ ಕಾಣುವ ಕೋಣೆಯನ್ನು ಹೆಚ್ಚುಕಡಿಮೆ ಗೊತ್ತುಮಾಡಿದ್ದೆ. ಬಲಗಡೆಯ ಗುಡ್ಡದಲ್ಲಿ ಬಾಡಿಗೆಗಿದ್ದ ಇನ್ನೊಂದು ಕೋಣೆಯನ್ನೂ ಸುಮ್ಮನೆ ನೋಡಿಬರೋಣವೆಂದು ಹೋದೆ. ಪೆಟ್ಟಿಗೆ, ನೀನು ಕೊಟ್ಟ ಆಲೂಗಡ್ಡೆ ಚೀಲ ಜೊತೆಗೇ ಇದ್ದವು. ಮೆಟ್ಟಿಲ ಬುಡದಲ್ಲಿ ಕೂತಿದ್ದ ನಾಲ್ವರು ನೆರೆಯವರು, ನಾನು ಕೇಳದೆಯೇ, ಎರಡನ್ನೂ ಎತ್ತಿಕೊಂಡು ನೂರಿಪ್ಪತ್ತು ಮೆಟ್ಟಿಲು ಹತ್ತಿ ಆ ಮನೆಯ ಬಾಗಿಲಲ್ಲಿ ಇಳಿಸಿಬಿಟ್ಟರು.

ನೀನು ನಮ್ಮೂರ ವಾಡಿಕೆಯಂತೆ ಊರವರನ್ನೆಲ್ಲ ಕರೆದು, ಎತ್ತು ಹೂಡಿಸಿ ನಮ್ಮ ಮರದ ಮನೆಯನ್ನೇ ಇದ್ದ ಹಾಗೆ ದಿನ್ನೆಗೆ ಎಳೆಸಿದ ದಿನ, ಹಗ್ಗ ಹಿಡಿದವರಲ್ಲಿ ಯಾರನ್ನೂ ಉಣ್ಣಿಸದೆ ಕಳಿಸಲಿಲ್ಲವಲ್ಲ? ನಾನೂ ಅಲ್ಲಿಯ ಒಲೆ ಕೇಳಿಕೊಂಡು, ಆಲೂಗಡ್ಡೆ ತುರಿದು ರೊಟ್ಟಿ ಮಾಡಿ ನಾಲ್ವರಿಗೂ ಬಡಿಸಿದೆ.

ಮನೆಯೊಡತಿ ದೋನ್ಯಾ ಎದೆಲ್ಮಿರಾ ಸೊಂಟಕ್ಕೆ ಕೈಯಿಟ್ಟು, "ಅಲ್ಲಮ್ಮಾ, ಕೋಣೆನೇ ನೋಡಿಲ್ಲ, ಆಗ್ಲೇ ಒಕ್ಕಲು ಬಂದೋಳ ಹಾಗೆ ಊರಿಗೆಲ್ಲ ಊಟ ಹಾಕ್ತಿದ್ದೀಯಲ್ಲ!" ಎಂದರು.

ಚೀಲ ಹೊತ್ತಿದ್ದ ಮುದುಕ ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ, "ಸುಮ್ನಿರಿ ದೋನ್ಯಾ ಎದೆಲ್ಮಿರಾ, ಇನ್ನೆಲ್ಲಿಗೆ ಹೋಗ್ತಾಳೆ? ಚೀಲಾನೇ ಖಾಲಿ ಆಯ್ತು," ಎಂದ.

ಅವರೆಲ್ಲ ಹೋದ ಮೇಲೆ ಕೋಣೆ ನೋಡಿದೆ. ಕಿಟಕಿಯೇ ಇಲ್ಲ. ಉಣ್ಣಿಸಿದ ಮೇಲೆ ಬೇಡ ಎನ್ನುವುದು ಹೇಗೆ? ಅದನ್ನೇ ಹಿಡಿದೆ.

ನನ್ನ ಕೆಮ್ಮು ವಾಸಿಯಾಗಿದೆ. ಇನ್ನೊಂದು ಚೀಲ ಇಲ್ಲಿಗೇ ಕಳಿಸು. ಮೆಟ್ಟಿಲ ಬುಡದಲ್ಲಿ ನಾಲ್ವರೂ ಈಗಲೇ ಕಾಯುತ್ತಿದ್ದಾರೆ.

ಮೊಮ್ಮಗಳು,
ರೊಸಾಲ್ಬಾ