ಒಂದೇ ಸರೋವರಕ್ಕೆ ನಾಲ್ಕು ಸುತ್ತು

ಸರೋವರದ ದಂಡೆ (ಯಾವ ಸರೋವರ ಎನ್ನುವುದೇ ಈ ಕಾಗದದ ಗೋಳು)
ಮಂಗಳವಾರ, ಬೆಳಗಿನ ಚಹಾ ಆದ ಮೇಲೆ

ಪ್ರೀತಿಯ ಪುಟ್ಟೂ,

ಅರವತ್ತರ ಹತ್ತಿರ ಬಂದ ಗಂಡಸನ್ನು ಪುಟ್ಟು ಎಂದು ಕರೆಯಬಾರದೇನೋ. ಆದರೆ ನಾನು ಮದುವೆಯಾಗಿ ಬಂದ ದಿನ ನೀನು ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಬಾಗಿಲ ಹಿಂದೆ ಅಡಗಿದ್ದವನು. ಅತ್ತಿಗೆಯ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನನ್ನ ಓರಗಿತ್ತಿಯ ಸೀನು ನಿಂತಿತೇ? ಕೇಳೋಣವೆಂದರೆ ನನ್ನ ಹತ್ತಿರ ಇರುವುದು ಒಂಬತ್ತು ವರ್ಷದ ಹಿಂದಿನ ಕಾಯಿಲೆಗಳು ಮಾತ್ರ. ಹೊಸದು ಏನಾದರೂ ಬಂದಿದ್ದರೆ ಅದನ್ನೂ ವಿಚಾರಿಸಿಕೊಂಡೆ ಎಂದು ತಿಳಿ. ನನ್ನ ಮಂಡಿ ಮಾತ್ರ ಹಾಗೆಯೇ ಇದೆ, ಹತ್ತುವಾಗ ಒಂದು ಬೈಗುಳ, ಇಳಿಯುವಾಗ ಎರಡು.

ಈಗ ಸುದ್ದಿ. ನಾವಿಬ್ಬರೂ ಆರು ದಿನಕ್ಕೆ ಒಂದು ಮನೆಗಾಡಿ ಬಾಡಿಗೆಗೆ ಹಿಡಿದು ಹೊರಟಿದ್ದೇವೆ. ಗಾಡಿಯೊಳಗೇ ಮನೆ ಕಣಪ್ಪಾ. ಕೈ ಚಾಚಿದರೆ ಒಲೆ, ಕಾಲು ಚಾಚಿದರೆ ಹಾಸಿಗೆ, ತಿರುಗಿದರೆ ಪಾತ್ರೆ ತೊಳೆಯುವ ತೊಟ್ಟಿ, ಅದರ ಮೇಲೊಂದು ಕಿಟಕಿ. ಯೋಜನೆಯೆಲ್ಲ ನಿನ್ನಣ್ಣನದು. ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಎರಡು ನಿಮಿಷ ತಡವಾದರೆ ಅನ್ನ ಸೇರದ ಮನುಷ್ಯ, ಇದ್ದಕ್ಕಿದ್ದಂತೆ ಐದು ಸರೋವರ ನೋಡೋಣ, ಅಲ್ಲಲ್ಲಿ ಸಿಕ್ಕಿದ್ದು ತಿನ್ನೋಣ, ಯಾವುದಕ್ಕೂ ಅವಸರ ಬೇಡ ಎಂದರು. ನಾನು ಮರುಮಾತಾಡಲಿಲ್ಲ. ಆಸ್ಪತ್ರೆಯ ಅಡಿಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಇನ್ನೂರು ತಟ್ಟೆಗಳಿಗೆ ಉಪ್ಪಿಲ್ಲದ ಊಟ ಬೇಯಿಸಿದವಳಿಗೆ, ಇನ್ನೊಬ್ಬರು ಮಾಡಿಹಾಕಿದ್ದನ್ನು ಕೂತು ತಿನ್ನುವುದೆಂದರೆ ಸ್ವರ್ಗಕ್ಕೆ ಮೂರೇ ಗೇಣು. ಮೊದಲ ದಿನ ದಂಡೆಯ ಮೇಲೆ ಕೆಂಡದಲ್ಲಿ ಸುಟ್ಟ ಜೋಳದ ತೆನೆ. ಎರಡನೆಯ ದಿನ ಹುರಿದ ಮೀನು, ಹಿಂಡಿದ ನಿಂಬೆ. ಮೂರನೆಯ ದಿನ ಬೇರೊಂದು ಕಡೆ ಮತ್ತೆ ಮೀನು, ಈ ಸಲ ಸಾರಿನಲ್ಲಿ. ಬೆಳಿಗ್ಗೆ ನೀರು ಕನ್ನಡಿಯಂತಿರುತ್ತದೆ, ಸಂಜೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೂ ಹಬ್ಬ, ನಾಲಿಗೆಗೂ ಹಬ್ಬ.

ಆದರೆ ಪುಟ್ಟೂ, ಆ ಮೂರನೆಯ ದಿನವೇ ನನ್ನ ತಲೆ ಕೆಟ್ಟಿತು. ಸಾರಿನ ಮೀನು ಬಾಯಿಗಿಟ್ಟೆ. ಹಿಂದಿನ ದಿನದ್ದೇ ರುಚಿ. ಮಸಾಲೆ ಬೇರೆ, ಕೈ ಬೇರೆ, ಆದರೆ ಒಳಗಿನ ಆ ಸಣ್ಣ ಕೆಸರಿನ ವಾಸನೆ ಮಾತ್ರ ಅದೇ. ಎರಡು ಬೇರೆ ನೀರಿನ ಮೀನು ಒಂದೇ ರುಚಿ ಕೊಡುವುದಿಲ್ಲ, ಬೇಕಾದರೆ ಯಾವ ಅಡಿಗೆಯವಳನ್ನಾದರೂ ಕೇಳು. ಇದು ನಿನ್ನೆಯ ಸರೋವರವೇ ಅಲ್ಲವೇ ಎಂದೆ. ನಿನ್ನಣ್ಣ ತಟ್ಟೆಯಿಂದ ಕಣ್ಣೆತ್ತದೆ, ಇದು ಬೇರೆ, ಸುಮ್ಮನೆ ತಿನ್ನು ಎಂದರು. ನನಗೆ ವಯಸ್ಸಾಯಿತೋ, ನಾಲಿಗೆ ಕೆಟ್ಟಿತೋ, ಅಥವಾ ಜಗತ್ತಿನ ಮೀನೆಲ್ಲ ಒಂದೇ ಆಯಿತೋ ತಿಳಿಯದೆ ಆ ರಾತ್ರಿ ತಲೆ ಹಿಡಿದುಕೊಂಡೇ ಮಲಗಿದೆ. ನನಗಿದ್ದದ್ದು ತೊಟ್ಟಿಯ ಮೇಲಿನ ಆ ಒಂದು ಕಿಟಕಿ. ಅದರಲ್ಲಿ ಕಾಣುವುದು ನೀರು ಮಾತ್ರ, ನೀರಿಗೆ ಊರ ಹೆಸರು ಬರೆದಿರುತ್ತದೆಯೇ?

ನಾಲ್ಕನೆಯ ದಿನ, ಅಂದರೆ ನಿನ್ನೆ, ಮೀನು ಹುರಿಯುವಾಕೆಯ ಅಂಗಡಿಯ ಮುಂದೆ ಗಾಡಿ ನಿಂತಿತು. ನಾನು ಇಳಿದದ್ದೇ ತಡ, ಅವಳು ನಕ್ಕು, ದಿನಾ ನಮ್ಮ ಅಂಗಡಿ ಮುಂದೆ ಹೋಗುವ ಬಿಳಿ ಗಾಡಿ ನಿಮ್ಮದೇ ಅಲ್ಲವೇ, ಎರಡು ದಿನದ ಮೇಲೆ ಮತ್ತೆ ನಿಲ್ಲಿಸಿದಿರಲ್ಲ ಎಂದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಐದು ಸರೋವರವೂ ಇಲ್ಲ, ಮಣ್ಣೂ ಇಲ್ಲ. ಇರುವುದೊಂದೇ, ಅದನ್ನೇ ದಿನಕ್ಕೊಂದು ಸುತ್ತಿನ ಹಾಗೆ ನಾವು ಗಾಣದೆತ್ತಿನಂತೆ ಸುತ್ತುತ್ತಿದ್ದೇವೆ. ಜೋರಾಗಿಯೇ ಕೇಳಿದೆ. ದಾರಿ ತಪ್ಪಿತು ಎಂದರು. ಇಡೀ ನಗರದ ತಿರುವುಗಳನ್ನು ಬಾಯಿಪಾಠ ಹೇಳುವವರಿಗೆ ನೀರಿನ ಪಕ್ಕದ ಒಂದೇ ರಸ್ತೆಯಲ್ಲಿ ದಾರಿ ತಪ್ಪಿತಂತೆ. ಕಿವಿಯ ಮೇಲೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ?

ಸಿಟ್ಟಿನಿಂದ ಪಾತ್ರೆ ಉಜ್ಜುತ್ತ ಕಿಟಕಿಯ ಮುಂದೆ ನಿಂತೆ. ಒಂದು ತಿರುವಿನಲ್ಲಿ ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು. ದಿನವೂ ಅಲ್ಲಿ ನಿಧಾನವಾಗುತ್ತಿತ್ತು, ಗುಂಡಿ ಇರಬೇಕು ಎಂದುಕೊಂಡಿದ್ದೆ. ನಿನ್ನೆ ಮಾತ್ರ ತಲೆಯೆತ್ತಿ ನೋಡಿದೆ. ದೋಣಿ ರಿಪೇರಿಯ ಅಂಗಳ, ಮಗುಚಿ ಹಾಕಿದ ದೋಣಿ, ಅದಕ್ಕೆ ನೀಲಿ ಬಣ್ಣ ಬಳಿಯುತ್ತಿದ್ದ ಒಬ್ಬ ಗಂಡಸು. ಮುಖ ಆ ಕಡೆಗಿತ್ತು. ಆದರೆ ಎಡಗೈ ಸೊಂಟದ ಮೇಲಿಟ್ಟು ಬಲಗೈಯಲ್ಲಿ ಕೆಲಸ ಮಾಡುವವನನ್ನು ನಾನು ಬೆನ್ನಿನಿಂದಲೇ ಗುರುತಿಸಬಲ್ಲೆ. ನೀನು ಯಾವುದೋ ನೀರಿನ ದಂಡೆ ಸೇರಿದ್ದೀಯ ಎಂದಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಇವರಿಗೆ ವಿಳಾಸ ಹೇಗೆ ಸಿಕ್ಕಿತೋ ಇನ್ನೂ ಗೊತ್ತಿಲ್ಲ. ಕೂಗಬೇಕೆಂದು ಸೋಪಿನ ಕೈಯಲ್ಲೇ ಕಿಟಕಿ ತೆರೆಯಲು ಹೋದೆ. ಅಷ್ಟರಲ್ಲಿ ಗಾಡಿ ದಾಟಿಹೋಯಿತು.

ಒಂಬತ್ತು ವರ್ಷದ ಹಿಂದೆ ಆ ಬಸ್ಸಿನಲ್ಲಿ ನಾನಿರಲಿಲ್ಲ. ಇವರು ಚಾಲಕ, ನೀನು ಕಂಡಕ್ಟರ್, ಇಳಿಯುತ್ತಿದ್ದವರು ಒಬ್ಬ ಅಜ್ಜಿ. ಬಸ್ಸು ಹೊರಟಿತು, ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಮೂರು ತಿಂಗಳು ಅವರ ತಟ್ಟೆಗೆ ಬಡಿಸಿದವಳು ನಾನೇ. ವಿಚಾರಣೆಯಲ್ಲಿ ಇವರು, ತಮ್ಮನೇ ಗಂಟೆ ಹೊಡೆದ, ಅದಕ್ಕೇ ಹೊರಟೆ ಎಂದರು. ನೀನು ಹೊಡೆದಿಲ್ಲ ಎಂದೆ. ಇವರನ್ನು ಸ್ಟೀರಿಂಗ್ ಬಿಡಿಸಿ ಡಿಪೋದ ಉಗ್ರಾಣಕ್ಕೆ ಹಾಕಿದರು, ನೀನು ಚೀಲ ಒಪ್ಪಿಸಿ ಕೆಲಸ ಬಿಟ್ಟು ಹೊರಟುಹೋದೆ. ತನ್ನನ್ನು ಉಳಿಸಿಕೊಳ್ಳಲು ಅಣ್ಣನ ಮೇಲೆ ಸುಳ್ಳು ಹೇಳಿದ ಎಂದು ಇವರು ಊರಿಗೆಲ್ಲ ಸಾರಿದರು. ಅಂದಿನಿಂದ ಮನೆಯಲ್ಲಿ ನಿನ್ನ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ನಾನು ಯಾರನ್ನು ನಂಬಲಿ? ಒಬ್ಬ ಗಂಡ, ಇನ್ನೊಬ್ಬ ನಾನೇ ತುತ್ತು ಕೊಟ್ಟು ಬೆಳೆಸಿದ ಮೈದುನ. ಇಬ್ಬರೂ ಸುಳ್ಳು ಹೇಳುವವರಲ್ಲ. ಒಂಬತ್ತು ವರ್ಷ ಈ ಲೆಕ್ಕ ನನಗೆ ಹತ್ತಲಿಲ್ಲ.

ಹೊರಡುವ ಹಿಂದಿನ ವಾರ ಇವರನ್ನು ಕಿವಿಯ ಡಾಕ್ಟರ ಬಳಿ ಕರೆದೊಯ್ದಿದ್ದೆ. ಟೀವಿ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಿದ್ದರು. ಡಾಕ್ಟರು ನೋಡಿ, ಎಂಜಿನ್ನಿನ ಪಕ್ಕ ಕೂತು ಕೂತು ಹೀಗಾಗಿದೆ, ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೇ ಸದ್ದು ಕೇಳುತ್ತದೆ, ಎಷ್ಟು ದಿನದಿಂದ ಎಂದರು. ಹತ್ತು ಹನ್ನೆರಡು ವರ್ಷವಾಗಿರಬಹುದು ಎಂದರು ಇವರು. ಎಂಥ ಸದ್ದು ಎಂದು ಕೇಳಿದ್ದಕ್ಕೆ ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ದಡ್ಡಿ ನಾನು, ಔಷಧಿ ದುಬಾರಿಯೆಂದು ಮಂಕಾಗಿದ್ದಾರೆ ಎಂದುಕೊಂಡೆ.

ಈ ಬೆಳಿಗ್ಗೆ ಚಹಾ ಕೈಗೆ ಕೊಟ್ಟು, ತಿರುವಿನಲ್ಲಿ ಯಾರಿದ್ದಾರೆಂದು ನನಗೆ ಗೊತ್ತಾಗಿದೆ ಎಂದೆ. ಲೋಟ ಕೆಳಗಿಟ್ಟು ಹೇಳಿದರು.

“ಅವತ್ತು ಅವನು ಗಂಟೆ ಹೊಡ್ದಿರ್ಲಿಲ್ಲ ಕಣೇ. ಹೊಡೆದಿದ್ದು ನನ್ನ ಕಿವಿ.”

ಹಾಗಾದರೆ ಗಾಡಿ ನಿಲ್ಲಿಸಿ, ಇಳಿದು ಹೇಳಿ ಎಂದೆ. “ಯಾವ ಮುಖ ಹೊತ್ಕೊಂಡು ಇಳೀಲಿ?” ಎಂದು ಎದ್ದು ನೀರು ತುಂಬಿಸಲು ಹೋದರು. ಹೊತ್ತುಕೊಳ್ಳಲು ಇರುವುದು ಅದೊಂದೇ ಮುಖ, ಅದು ನಿನಗೂ ಗೊತ್ತು. ಪುಟ್ಟೂ, ನನಗೆ ನೀವಿಬ್ಬರೂ ಬೇಕು. ತಪ್ಪು ಇವರದು, ಅದನ್ನು ನಾನೇ ಬರೆದುಕೊಡುತ್ತಿದ್ದೇನೆ. ನಿನಗೆ ಸಿಟ್ಟಿದ್ದರೆ ಅದು ನ್ಯಾಯವೇ. ಆದರೆ ನಾಲ್ಕು ದಿನದಿಂದ ಒಬ್ಬ ಮುದುಕ ನಿನ್ನ ಬೆನ್ನನ್ನು ನೋಡಿಕೊಂಡು ಹೋಗಲಿಕ್ಕೆಂದೇ ಬರುತ್ತಿದ್ದಾನೆ, ಅದೂ ನಿನಗೆ ತಿಳಿದಿರಲಿ. ಓರಗಿತ್ತಿಗೆ ನನ್ನ ಪ್ರೀತಿ ತಿಳಿಸು. ಮೈ ನೋಡಿಕೊಳ್ಳಿ, ಬಿಸಿಯಾಗಿ ಉಣ್ಣಿ, ಇಬ್ಬರೂ ನೂರು ಕಾಲ ಬಾಳಿ.

ನಿನ್ನ
ಅತ್ತಿಗೆ

ತಾ.ಕ.: ಇವರು ನೀರಿನ ಡಬ್ಬ ಹಿಡಿದು ಬರುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಕಾಗದವನ್ನು ಮೀನಿನಾಕೆಯ ಕೈಲಿ ಕೊಡುತ್ತೇನೆ, ಸಂಜೆ ನಿನ್ನ ದೋಣಿ ಅಂಗಳದ ಕಡೆ ಬರುತ್ತಾಳಂತೆ. ನಾಳೆ ಕೊನೆಯ ಸುತ್ತು, ಸಂಜೆಗೆ ಗಾಡಿ ವಾಪಸು ಕೊಡಬೇಕು. ಹತ್ತು ಗಂಟೆಯ ಹೊತ್ತಿಗೆ ನಿನ್ನ ತಿರುವಿಗೆ ಬರುತ್ತೇವೆ. ಬಣ್ಣದ ಕುಂಚ ಕೆಳಗಿಟ್ಟು ರಸ್ತೆಗೆ ಬಾ, ಕೈ ಎತ್ತಿ ನಿಲ್ಲು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ನೀನು ಎಷ್ಟು ಬೈದರೂ, ಕೈ ಎತ್ತಿದವರನ್ನು ನಿನ್ನಣ್ಣ ಒಂದು ದಿನವೂ ರಸ್ತೆಯಲ್ಲಿ ಬಿಟ್ಟು ಹೋದವರಲ್ಲ. ತಮಗೇ ಗೊತ್ತಿಲ್ಲದೆ ಬ್ರೇಕ್ ಒತ್ತುತ್ತಾರೆ. ಗಾಡಿ ಹತ್ತಿರ ಬಂದಾಗ ನಿನಗೆ ಹಳೆಯದೆಲ್ಲ ನೆನಪಾಗಬಹುದು, ಆಗಲಿ. ಕೈ ಮಾತ್ರ ಇಳಿಸಬೇಡ.